ಕಂಬಕ್ಕೊಂದು ಹಾಲವಾಣ

ಆಲೂರಿನಿಂದ ನಮ್ಮೂರಿಗೆ ಬರುವ ರಸ್ತೆಯ ತಿರುವಿನಲ್ಲಿ ಒಂದು ಕರೆಂಟ್ ಕಂಬ ರಸ್ತೆಯ ಮೇಲಕ್ಕೇ ವಾಲಿಕೊಂಡಿತ್ತು. ಅವ್ವ ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಬೇಕಾದದ್ದು ಅದರ ಕೆಳಗೇ. ಆಚೆ ಬದಿಯಲ್ಲಿ ಆಳದ ಚರಂಡಿ. ಮಂಡಿ ನೋವಿನ ಅವಳು ಅಲ್ಲಿ ಕಾಲಿಡುವಂತಿರಲಿಲ್ಲ. ಗಾಳಿ ಎದ್ದರೆ ಸಾಕು, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ವಾಪಸು ಬರುವವರೆಗೂ ಬಾಗಿಲಿಗೂ ಬೇಲಿಗೂ ಓಡಾಡುತ್ತಿದ್ದೆ. ಲೋಟದಲ್ಲಿ ಕಾಫಿ ಆರಿಹೋಗುತ್ತಿತ್ತು.

ಕರೆಂಟ್ ಆಫೀಸಿಗೆ ಹೋದರೆ, “ಕಂಬ ನಮ್ದೇ, ಜಾಗ ಪಂಚಾಯ್ತಿದು. ಅವ್ರು ಬೇರೆ ಜಾಗ ತೋರಿಸ್ಲಿ” ಎನ್ನುತ್ತಿದ್ದರು. ಪಂಚಾಯಿತಿಗೆ ಹೋದರೆ, “ರಸ್ತೆ ನಮ್ದು ಕಣಪ್ಪ, ಕಂಬ ಮುಟ್ಟೋ ಅಧಿಕಾರ ನಮಗೆಲ್ಲೈತೆ?” ಎಂಬ ಉತ್ತರ. ನನಗೆ ರೇಗಿಹೋಗುತ್ತಿತ್ತು. ಬೀದಿದೀಪ ಹಾಕಿಸಿ ಹೆಸರು ತೆಗೆದುಕೊಳ್ಳುವಾಗ ಅದೇ ಕಂಬ ಪಂಚಾಯಿತಿಯದಾಗಿತ್ತು. ಚುನಾವಣೆಯಲ್ಲಿ ಬ್ಯಾನರ್ ಕಟ್ಟುವಾಗ ಎಲ್ಲರದಾಗಿತ್ತು. ವಾಲಿದ ಮೇಲೆ ಹೇಳುವವರು ಕೇಳುವವರು ಯಾರೂ ಇಲ್ಲ.

ಕೊನೆಗೆ ಮಳೆ ಹಿಡಿಯುವ ಮುಂಚೆ ನಾನೂ ಪಕ್ಕದ ಮನೆಯವರೂ ಸೇರಿ, ಕಾಫಿ ತೋಟದ ನೆರಳಿಗೆ ಬೆಳೆಸಿದ್ದ ಹಾಲವಾಣದ ಮರದಿಂದ ದಪ್ಪನೆಯದೊಂದು ಕವಲು ಕಡಿದು ತಂದು, ಕಂಬಕ್ಕೆ ಆನಿಸಿ ನೆಟ್ಟೆವು. ಒಣಗಿದ ಮರ ಹುಡುಕುವ ತಾಳ್ಮೆ ಯಾರಿಗಿತ್ತು? ಹಸಿ ಹಾಲವಾಣವನ್ನು ಎಲ್ಲಿ ಊರಿದರೂ ಚಿಗುರುವುದನ್ನು ಹುಟ್ಟಿದಾಗಿನಿಂದ ನೋಡಿದವರೇ ಅದನ್ನು ಮರೆತಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಆಸರೆಕೋಲು ಮರವಾಗಿ ಕೊಂಬೆಯೊಡೆದು ತಂತಿ ಮುಟ್ಟಿತು. ಊರಿನ ಕರೆಂಟು ಹೋಯಿತು.

ಆಗ ಓಡಿ ಬಂದರು ನೋಡಿ, ಇಬ್ಬರೂ! ಲೈನ್‌ಮನ್ ಮಚ್ಚು ಎತ್ತಿದ. ಪಂಚಾಯಿತಿ ಮೆಂಬರು ಅಡ್ಡ ನಿಂತರು.

“ರಸ್ತೆ ಬದಿ ಮರ ಪಂಚಾಯ್ತಿದು. ಕೇಳ್ದೆ ಕಡಿಯಂಗಿಲ್ಲ.”

“ತಂತಿ ಮುಟ್ಟಿದ್ ಮೇಲೆ ನಮ್ದು ಕಣ್ರೀ!”

ಕಂಬಕ್ಕೆ ದಿಕ್ಕಿರಲಿಲ್ಲ, ಅದಕ್ಕೆ ಕೊಟ್ಟ ಕೋಲಿಗೆ ಇಬ್ಬರು ವಾರಸುದಾರರು. ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ.

ಅಷ್ಟರಲ್ಲಿ ಅವ್ವ ಕ್ಯಾನು ಹಿಡಿದು ಬಂದಳು. “ಅದ್ರ ಕೆಳಗೆ ನಿಂತ್ಕಂಡು ಜಗಳ ಆಡ್ಬ್ಯಾಡ್ರಪ್ಪ, ಮೇಲೆ ಬಿದ್‌ಬುಟ್ಟಾತು. ನಿಮ್ಮನೇಲೂ ಯಾರಾದ್ರೂ ಬಾಗ್ಲಲ್ಲಿ ಕಾಯ್ತಿರ್ತಾರೆ,” ಎಂದಳು.

ಇಬ್ಬರೂ ತಲೆಯೆತ್ತಿ ಕಂಬ ನೋಡಿದರು. ಒಟ್ಟಿಗೇ ಹಿಂದಕ್ಕೆ ಹಾರಿದರು. ಅವ್ವ ಎಂದಿನಂತೆ ಅದರ ಕೆಳಗೇ ನಡೆದು ಡೈರಿಗೆ ಹೋದಳು.

ಆ ವಾರವೇ ಹೊಸ ಕಂಬ ಬಂತು. ಊರೆಲ್ಲ ಖುಷಿಪಟ್ಟಿತು, ನನಗೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವ್ವ ಅಷ್ಟು ವರ್ಷ ಅದರ ಕೆಳಗೆ ಓಡಾಡಿದ್ದಕ್ಕೆ ಬಾರದ ಕಂಬ, ಅವರಿಬ್ಬರು ಒಂದು ಗಳಿಗೆ ನಿಂತಿದ್ದಕ್ಕೆ ಬಂತು.