ಆಯುಧಪೂಜೆಯ ದಿನ ಓಡಿದ ಮಿಲ್ಲು

ಮೊನ್ನೆ ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಒಳಗೆ ಕಂದು ಬಣ್ಣದ ಟೇಪು ಸುತ್ತಿದ ಒಂದು ಸ್ಪೂಲು, ಅಂಗೈಗಿಂತ ತುಸು ದೊಡ್ಡದು. ಹುಳಿ ಹುಳಿಯಾದ ವಾಸನೆ ಬಂತು. ಅದರ ಹಿಂದೆಯೇ ಹತ್ತಿಕಾಳಿನ ಕಮಟು, ಬಿಸಿಯಾದ ಆಂಪ್ಲಿಫೈಯರ್ ಮೇಲೆ ಧೂಳು ಸುಡುವ ವಾಸನೆ... ಅವೆರಡೂ ಡಬ್ಬಿಯಲ್ಲಿ ಇರಲಿಲ್ಲ, ನನ್ನ ತಲೆಯೊಳಗಿದ್ದವು. ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿಯಿತು. ಎಪ್ಪತ್ತು ದಾಟಿದವಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಅಂತ ಡಾಕ್ಟರು ಹೇಳುತ್ತಾರೆ. ಅವರಿಗೇನು ಗೊತ್ತು ನನ್ನ ಸಂಕಟ.

ಡಬ್ಬಿ ಇಳಿಸಲು ಕಾರಣ ನನ್ನ ತಂಗಿಯ ಮೊಮ್ಮಗಳು. ಕಾಲೇಜಿಗೆ ಹೋಗುವ ಹುಡುಗಿ. ಫೋನಿನಲ್ಲಿ ಯಾವುದೋ ವಿದೇಶಿ ಬ್ಯಾಂಡಿನ ಆಲ್ಬಮ್ ಹಾಕಿಕೊಂಡು ಕೂತಿದ್ದಳು. ಕಬ್ಬಿಣ ಬಡಿದ ಹಾಗೆ, ಬೆಲ್ಟು ಓಡಿದ ಹಾಗೆ, ಕರೆಂಟು ಗುಂಯ್‌ಗುಟ್ಟಿದ ಹಾಗೆ ಸದ್ದು.

"ಅಜ್ಜಿ, ಇವ್ರು ಮೊದ್ಲು ಬರೀ ಮೆಷಿನ್ ಸದ್ದು ಮಾಡ್ತಿದ್ರು. ಬರ್ತಾ ಬರ್ತಾ ಅದ್ರಾಗೆ ಹಾಡು ಹುಟ್ಟಿಸಿದ್ರು. ಇವ್ರಿಗಿಂತ ಮುಂಚೆ ಯಾರೂ ಹಿಂಗೆ ಮಾಡಿರ್ಲಿಲ್ಲಂತೆ" ಅಂದಳು.

ಯಾರೂ ಮಾಡಿರಲಿಲ್ಲವಂತೆ. ನಾನು ಎದ್ದು ಹೋಗಿ ಅಟ್ಟಕ್ಕೆ ಏಣಿ ಹಾಕಿದೆ.

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಟೈಪಿಸ್ಟ್ ಆಗಿದ್ದೆ. ಹತ್ತಿಯಿಂದ ಕಾಳು ಬೇರೆ ಮಾಡುವ ಮಿಲ್ಲು ಅದು. ಮಿಲ್ಲಿನ ಎದುರಿಗೆ ಒಂದು ಮೈಕ್‌ಸೆಟ್ ಅಂಗಡಿ. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ ಮೈಕ್‌ಸೆಟ್ ಅಣ್ಣ ಅಂತಲೇ ಕರೆಯುತ್ತಿತ್ತು, ನಾನೂ ಹಾಗೇ. ಹಿರಿಯೂರಿನಲ್ಲಿ ಮದುವೆ ಇರಲಿ, ಹೊಳಲ್ಕೆರೆಯಲ್ಲಿ ನಾಟಕ ಇರಲಿ, ಅಗಲ ಬಾಯಿಯ ಹಾರ್ನು ಹೊತ್ತು ಬಸ್ಸಿನ ಟಾಪ್ ಹತ್ತಿಸುತ್ತಿದ್ದರು. ತೆಳ್ಳನೆಯ ಆಳು, ಕಿವಿ ಮಾತ್ರ ಅಗಲ. ಆ ಕಿವಿಯನ್ನು ನಾವು ಎಷ್ಟು ಆಡಿಕೊಂಡರೂ ನಗುತ್ತಿದ್ದರು.

ಅವರ ಹತ್ತಿರ ಒಂದು ಸ್ಪೂಲ್ ಟೇಪ್‌ರೆಕಾರ್ಡರ್ ಇತ್ತು. ಒಂದು ದಿನ ಮಧ್ಯಾಹ್ನ ಮಿಲ್ಲಿನ ಬಾಗಿಲಲ್ಲಿ ಮೈಕು ಹಿಡಿದು ನಿಂತಿದ್ದರು. ಏನ್ರಿ ಅಣ್ಣಾ ಇದು ಅಂದೆ. "ತಂಗಿ, ಈ ಮಿಲ್ಲು ತಾಳ ತಪ್ಪಲ್ಲ. ನಮ್ಮೂರ ತಬಲದೋರು ತಪ್ತಾರೆ" ಅಂದರು. ತಲೆ ಕೆಟ್ಟಿದೆ ಅಂದುಕೊಂಡೆ. ಆ ಸಂಜೆ ಅಂಗಡಿಯಲ್ಲಿ ಕೂರಿಸಿ ಅದನ್ನು ಕೇಳಿಸಿದರು. ಇಡೀ ದಿನ ನನ್ನ ಕಿವಿ ಕೊರೆಯುತ್ತಿದ್ದ ಸದ್ದೇ ಅದು. ಆದರೆ ನಾನು ಅದನ್ನು ಒಂದು ದಿನವೂ ಕೇಳಿಯೇ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಹೀಗೆ ನಾವು ಮೂವರಾದೆವು. ಅಣ್ಣ, ನಾನು, ಮಿಲ್ಲಿನ ಫಿಟ್ಟರ್. ಫಿಟ್ಟರ್ ಒಂದು ನಟ್ಟು ಸಡಿಲ ಮಾಡಿ ಮೆಷಿನ್ನಿನ ದನಿಯನ್ನೇ ಬದಲಾಯಿಸಿ ಕೊಡುತ್ತಿದ್ದ. ಸ್ಪೂಲಿನಲ್ಲಿ ಮೂರು ಭಾಗ. ಮೊದಲನೆಯದು ಬರೀ ಮಿಲ್ಲು, ಬೆಳಿಗ್ಗೆ ಶುರುವಾಗಿ ವೇಗ ಹಿಡಿಯುವುದು. ಎರಡನೆಯದರಲ್ಲಿ ಅಣ್ಣ ಸ್ಪೂಲಿನ ಅಂಚಿಗೆ ಹೆಬ್ಬೆರಳು ಒತ್ತಿ ಟೇಪನ್ನು ನಿಧಾನ ಮಾಡಿದರು. ಮಿಲ್ಲು ಆನೆಯ ಹಾಗೆ ಉಸಿರುಬಿಡತೊಡಗಿತು. ಅದರ ಮೇಲೆ ರೇಡಿಯೋ ಮುಳ್ಳನ್ನು ಎರಡು ಸ್ಟೇಷನ್ನಿನ ನಡುವೆ ನಿಲ್ಲಿಸಿದರೆ ಬರುವ ಕೂಗು, ಮತ್ತೆ ನನ್ನ ಟೈಪ್‌ರೈಟರ್. ಹೊಸದುರ್ಗದ ಸ್ನೇಹಿತನಿಂದ ಇನ್ನೊಂದು ಟೇಪ್‌ರೆಕಾರ್ಡರ್ ಎರವಲು ತಂದು ಒಂದರ ಮೇಲೊಂದು ಸದ್ದು ಕೂಡಿಸುತ್ತಿದ್ದರು. ಮೂರನೆಯದರಲ್ಲಿ ನಾನು ಹಾಡಿದೆ. ಮಾತಿಲ್ಲದ ಹಾಡು, ಬಾಯಿ ಮುಚ್ಚಿಕೊಂಡು ಗುನುಗಿದ್ದು. ಹತ್ತಿ ಹೆಕ್ಕುವ ಹೆಂಗಸರು ಕೆಲಸ ಮಾಡುತ್ತಾ ಗುನುಗುತ್ತಿದ್ದ ಒಂದು ಎಳೆಯಿಂದ ನಾನೇ ಕಟ್ಟಿಕೊಂಡ ರಾಗ. ನನ್ನ ಜನ್ಮದಲ್ಲಿ ನನ್ನದು ಅಂತ ಮಾಡಿದ್ದು ಅದೊಂದೇ.

ಬಿಡುವಿನ ಭಾನುವಾರಗಳಲ್ಲೇ ಎರಡು ವರ್ಷ ಹಿಡಿಯಿತು. ಮುಗಿದ ಮೇಲೆ ಬೇರೆ ಟೇಪುಗಳನ್ನೆಲ್ಲ ಮದುವೆ ಹಾಡಿಗೆ ಮತ್ತೆ ಬಳಸಿಬಿಟ್ಟರು. ಪೂರ್ತಿಯಾಗಿ ಉಳಿದದ್ದು ಈ ಒಂದು ಸ್ಪೂಲು ಮಾತ್ರ.

ಯಾರಿಗೆ ಕೇಳಿಸುವುದು? "ಮಿಲ್ಲಿನೋರಿಗೇ ಮೊದ್ಲು" ಅಂದರು ಅಣ್ಣ. ಆದರೆ ಮಿಲ್ಲು ಓಡುವಾಗ ಮಿಲ್ಲಿನ ಟೇಪು ಯಾರ ಕಿವಿಗೆ ಬೀಳುತ್ತದೆ? ಎಲ್ಲರೂ ಸೇರಿರುವಾಗ ಮಿಲ್ಲು ಬಾಯಿ ಮುಚ್ಚುವುದು ಆಯುಧಪೂಜೆಯಂದು ಮಾತ್ರ. ಬೆಲ್ಟು ಕಳಚಿ, ಮೆಷಿನ್ನು ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಮಂಡಕ್ಕಿ ಬೆಲ್ಲ ಹಂಚಿದರೆ ಮುಗಿಯಿತು. ಆಮೇಲೆ ಮಾರನೆಯ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಪೂಜೆಯಾದ ಮೆಷಿನ್ನು ಅಂದೇ ಓಡಿಸಿದರೆ ಅದು ರಕ್ತ ಕೇಳುತ್ತದೆ ಅಂತ ನಂಬಿಕೆ. ಈ ನಂಬಿಕೆ ನಮಗೆ ಮೂವರಿಗೂ ಗೊತ್ತಿತ್ತು. ಆದರೆ ನಮಗೆ ಅದು ಟೇಪು, ಮೆಷಿನ್ನಲ್ಲ. ಹೊರಗಿನವರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಆ ವರ್ಷ ಪೂಜೆಯ ಮೈಕು ಅಣ್ಣನದೇ. ಊಟ ಮುಗಿಸಿ ಎಲ್ಲರೂ ವಾಪಸು ಬರಲಿ, ಆಗ ಹಾಕೋಣ ಅಂತ ಮಾತಾಗಿತ್ತು. ಜನ ಬರುವ ಮೊದಲು ಒಂದು ಸಲ ನೋಡಿಬಿಡೋಣ ಅಂತ ಗುಂಡಿ ಒತ್ತಿದರು. ಹಾರ್ನು ಮಿಲ್ಲಿನ ಮಾಳಿಗೆ ಮೇಲಿತ್ತು...

ಬೀದಿಗೆಲ್ಲ ಮಿಲ್ಲು ಓಡಿತು.

ಕೆಲಸಗಾರರ ಮನೆಗಳಿಂದ ಜನ ಎದ್ದು ಬಿದ್ದು ಓಡಿ ಬಂದರು. ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. "ಯಾರ ಕೈ ಹೋತೋ, ಯಾರ ಕೈ ಹೋತೋ" ಅಂತ ಒಬ್ಬಳು ಅಳುತ್ತಲೇ ತನ್ನ ಗಂಡನನ್ನು ಹುಡುಕುತ್ತಿದ್ದಳು. ಮಿಲ್ಲಿನ ಮಾಲೀಕರಾದ ಸಾಹುಕಾರರು ಎಂಜಲು ಕೈಯಲ್ಲೇ ಬನಿಯನ್ ಮೇಲೆ ಓಡಿ ಬಂದರು. ಪಂಚೆ ಕಾಲಿಗೆ ಸಿಕ್ಕಿ ಗೇಟಿನ ಹತ್ತಿರ ಮುಗ್ಗರಿಸಿದರು. ಒಳಗೆ ಬಂದು ನೋಡಿದರೆ ಮೆಷಿನ್ನು ಹಾರ ಹಾಕಿಕೊಂಡು ತೆಪ್ಪಗೆ ನಿಂತಿದೆ. ಅಣ್ಣ ಗಾಬರಿಯಿಂದ ಟೇಪು ನಿಲ್ಲಿಸಿದರು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

ಅಲ್ಲಿಗೇ ಮುಗಿಯಬೇಕಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಹೆದರಿಸಿದ್ದಕ್ಕೆ ನಾಲ್ಕು ಮಾತು ಬೈದು ಕಳಿಸಬಹುದಿತ್ತು. ಆದರೆ ಆ ನಗು ಸಾಹುಕಾರರ ಕಿವಿಗೆ ಬಿದ್ದಿತ್ತು. ಬನಿಯನ್ ಮೇಲೆ ನಿಂತ ಮನುಷ್ಯನಿಗೆ ತನ್ನ ಮರ್ಯಾದೆ ವಾಪಸು ಬೇಕಾಗಿತ್ತು. ಸಿಕ್ಕಿದ್ದು ನಮ್ಮ ಸ್ಪೂಲು.

"ಅದನ್ನ ಅಳಿಸು. ಈಗ್ಲೇ, ನನ್ನ ಕಣ್ಣೆದ್ರಿಗೆ. ಅದ್ರ ಮ್ಯಾಲೆ ನಾನು ಎರಡು ಮಾತು ಆಡ್ತೀನಿ. ಇಲ್ಲಾಂದ್ರೆ ಈ ಜಿಲ್ಲೆಯಾಗೆ ಯಾವ ಮದ್ವಿಗೂ ನಿನ್ನ ಮೈಕು ಹತ್ತಲ್ಲ" ಅಂದರು.

ಅದು ಬರೀ ಬೆದರಿಕೆಯಾಗಿರಲಿಲ್ಲ. ಸುತ್ತಲ ಮಂಡಿಯವರೆಲ್ಲ ಅವರ ನೆಂಟರೇ. ಆದರೂ ಜನರಿದ್ದರಲ್ಲ ಅಲ್ಲಿ? ದಿನಾ ನಮ್ಮ ಮೈಕಿನ ಮುಂದೆ ಹಲ್ಲು ಕಿರಿದು ನಿಲ್ಲುತ್ತಿದ್ದವರು, ನಮ್ಮ ದನಿನೂ ಹಾಕ್ರಿ ಅಣ್ಣಾ ಅಂತ ದುಂಬಾಲು ಬಿದ್ದವರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಫಿಟ್ಟರ್ ಕುಂಬಳಕಾಯಿ ಹೋಳನ್ನು ಕಾಲಲ್ಲಿ ಹೊರಳಿಸುತ್ತಾ ನಿಂತಿದ್ದ. ಎಷ್ಟೋ ವರ್ಷ ಅವನನ್ನು ಬೀದಿಯಲ್ಲಿ ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ನಾನು ಅಂದೆ, "ಒತ್ತಬ್ಯಾಡ್ರಿ ಅಣ್ಣಾ." ಸಾಹುಕಾರರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಟೈಪಿಸ್ಟ್ ಹುಡುಗಿಗೆ ಅದರಲ್ಲಿ ಏನು ಪಾಲಿದ್ದೀತು ಅಂತ ಇರಬೇಕು.

ಅಣ್ಣ ನನ್ನನ್ನು ನೋಡಿದರು. "ಸುಮ್ಕಿರು ತಂಗಿ. ಮತ್ತೆ ಮಾಡಾಣ" ಅಂದರು. ಸ್ಪೂಲನ್ನು ಮೊದಲಿಗೆ ಸುತ್ತಿ ಗುಂಡಿ ಒತ್ತಿದರು.

ಸಾಹುಕಾರರು ಶಿಸ್ತು, ದೈವಭಕ್ತಿ, ದುಡಿಮೆ ಅಂತ ಮಾತಾಡಿಯೇ ಮಾತಾಡಿದರು. ಉಳಿದ ಟೇಪಿಗೆ ಪುರೋಹಿತರಿಂದ ಮಂತ್ರ ಹೇಳಿಸಿದರು. ಸ್ಪೂಲು ಖಾಲಿಯಾಗುವವರೆಗೂ ನಾವೆಲ್ಲ ಕೈಕಟ್ಟಿ ನಿಂತಿದ್ದೆವು. ನನ್ನ ಗುನುಗು ಯಾವ ಮಾತಿನ ಅಡಿಗೆ ಸಿಕ್ಕಿ ಹೋಯಿತೋ ಗೊತ್ತಿಲ್ಲ. ಮಾರನೆಯ ದಿನ ನಾನು ಎಂದಿನಂತೆ ಹೋಗಿ ಟೈಪು ಮಾಡಿದೆ.

ಇನ್ನೂ ಕೇಳಿ. ಅಲ್ಲಿಂದ ಮುಂದೆ ಪ್ರತಿ ಆಯುಧಪೂಜೆಗೂ ಆ ಭಾಷಣವನ್ನೇ ಹಾಕಿಸುತ್ತಿದ್ದರು. ಹಾಕುತ್ತಿದ್ದವರು ನಮ್ಮ ಅಣ್ಣನೇ. ಅದೇ ಸ್ಪೂಲು, ಅದೇ ಹಾರ್ನು. ಮೊದಲೆರಡು ವರ್ಷ, ಯಾವಾಗ ಮಾಡಾಣ ಅಣ್ಣಾ ಅಂತ ಕೇಳಿದೆ. "ಮಾಡಾಣ, ಮಾಡಾಣ" ಅನ್ನುತ್ತಾ ವೈರು ಸುತ್ತುತ್ತಿದ್ದರು. ಆಮೇಲೆ ನಾನೂ ಕೇಳಲಿಲ್ಲ. ಸಾಹುಕಾರರ ಮೇಲಿನ ಸಿಟ್ಟು ಒಂದು ತರಹದ್ದು, ಅವರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಅಣ್ಣನ ಮೇಲಿನ ಸಿಟ್ಟೇ ನನ್ನನ್ನು ತಿಂದದ್ದು. ಅಷ್ಟು ಅಗಲ ಕಿವಿಯ ಮನುಷ್ಯ ವರ್ಷ ವರ್ಷ ಅದನ್ನು ಹೇಗೆ ಕೇಳಿಸಿಕೊಂಡರು? ಅವರು ತೀರಿಕೊಂಡಾಗ ನಾನು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಕೂತಿದ್ದೆ. ತಿಥಿ ಮುಗಿದ ಮೇಲೆ ಅವರ ಹೆಂಡತಿ ಈ ಡಬ್ಬಿ ತಂದು ನನ್ನ ಮಡಿಲಿಗೆ ಹಾಕಿದರು.

"ನಿನಗೇ ಕೊಡು ಅಂದಿದ್ರವ್ವ. ಅದ್ರಾಗೆ ನಿಂದೊಂದು ಹಾಡು ಐತೆ ಅಂತಿದ್ರು" ಅಂದರು.

ಇತ್ತು ಅನ್ನಲಿಲ್ಲವಂತೆ. ಐತೆ ಅಂದಿದ್ದರಂತೆ... ಆಗ ಅತ್ತೆ. ಅತ್ತದ್ದೂ ಸಿಟ್ಟಿನಿಂದಲೇ.

ಮೊನ್ನೆ ಇಷ್ಟನ್ನೂ ಹುಡುಗಿಗೆ ಹೇಳಿದೆ. ಮಿಲ್ಲು ಇದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ ಇದೆ, ಅವಳು ಅಲ್ಲಿ ಊಟ ಮಾಡಿದ್ದಾಳೆ. ಹಳೆಯ ಟೇಪನ್ನು ಫೋನಿಗೆ ಹಾಕಿಕೊಡುವವರು ಇದ್ದಾರಂತೆ. ಯಾತಕ್ಕೆ, ಆ ಭಾಷಣ ಕೇಳೋದಕ್ಕಾ ಅಂದೆ. ಅವಳು, "ಹಂಗಾದ್ರೆ ನೀನೇ ಹಾಡಜ್ಜಿ" ಅಂತ ಫೋನನ್ನು ನನ್ನ ಬಾಯಿ ಹತ್ತಿರ ಹಿಡಿದಳು.

ಮೊದಲನೆಯ ಭಾಗವನ್ನು ಬಾಯಲ್ಲೇ ಓಡಿಸಿದೆ, ತೊಡೆ ತಟ್ಟಿಕೊಂಡು. ಮಿಲ್ಲು ವೇಗ ಹಿಡಿಯಿತು. ಎರಡನೆಯದನ್ನು ನಿಧಾನಕ್ಕೆ, ಆನೆಯ ಉಸಿರಿನ ಹಾಗೆ. ರೇಡಿಯೋ ಕೂಗಿದ್ದೂ ಬಂತು, ಟೈಪ್‌ರೈಟರ್ ಬೆರಳಿಗೇ ಬಂತು. ಹುಡುಗಿಯ ಕಣ್ಣು ಅರಳಿತ್ತು. ಮೂರನೆಯದಕ್ಕೆ ತುಟಿ ಮುಚ್ಚಿ ಉಸಿರು ಎಳೆದುಕೊಂಡೆ.

ಬರಲಿಲ್ಲ. ಇನ್ನೊಂದು ಸಲ ಉಸಿರು ಎಳೆದುಕೊಂಡೆ. ಗಂಟಲ ಹತ್ತಿರ ಬಂದದ್ದು ಸಾಹುಕಾರರ ಭಾಷಣದ ಮೊದಲ ಸಾಲು.

ಹುಡುಗಿ ಇನ್ನೂ ಫೋನು ಹಿಡಿದೇ ಇದ್ದಳು.