ಕಾರು ಕಾರಿಕೊಂಡದ್ದು

ಮೊನ್ನೆ ನನ್ನಾಕೆ ರೇಷ್ಮೆ ಸೀರೆಗೆ ಬಿದ್ದ ಎಣ್ಣೆಕಲೆ ತೆಗೆಯಲು ಬಟ್ಟೆಯ ಚೂರನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜುತ್ತಿದ್ದಳು. ಪೇಪರ್ ಓದುತ್ತಿದ್ದ ನನ್ನ ಮೂಗಿಗೆ ವಾಸನೆ ಬಡಿದದ್ದೇ ತಡ, ಎದ್ದು ಹೊರಗೋಡಿ ಕಾರಿನ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು. ಒಳಗಿನಿಂದ ಅವಳ ನಗು ಕೇಳಿಸಿತು. ಅವಳೇನೋ ನಗಬಹುದು. ನನ್ನ ಮೂಗಿಗೆ ಆ ವಾಸನೆಯೊಂದಿಗೆ ಬೇರೆ ಲೆಕ್ಕವಿದೆ, ಕೇಳಿ.

ಹಿಂದೂಪುರದಲ್ಲಿ ನಮ್ಮದು ಮಗ್ಗದ ಮನೆ. ಮುಂದೆ ನಿಂತಿರುವ ದುಂಡುಮೂಗಿನ ಕಾರು ಅಪ್ಪ ಕೊಂಡದ್ದು. ನನಗಿಂತ ಎರಡು ವರ್ಷ ದೊಡ್ಡದು, ಹಾಗಾಗಿ ಗೌರವ ಕೊಟ್ಟೇ ಮಾತಾಡಿಸುತ್ತೇನೆ. ಅದರ ಹುಟ್ಟು ಎಂಜಿನ್ ಕೈಕೊಟ್ಟಾಗ ಗುಜರಿಗೆ ಹಾಕಿ ಎಂದವರೇ ಎಲ್ಲರೂ. ಕಲ್ಯಾಣದುರ್ಗದಲ್ಲಿ ರಿಪೇರಿ ಶೆಡ್ ಇಟ್ಟಿರುವ ನಮ್ಮಕ್ಕನ ಗಂಡ, ಭಾವ, ಒಬ್ಬರೇ ಹಾಗೆನ್ನಲಿಲ್ಲ. ಎಲ್ಲಿಂದಲೋ ಒಂದು ವ್ಯಾನಿನ ಎಂಜಿನ್ ಹುಡುಕಿ ತಂದು ಇದರ ಹೊಟ್ಟೆಯೊಳಗೆ ಕೂರಿಸಿದರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರು ಕೈಹಾಕಿದ ಮೊದಲ ದೊಡ್ಡ ಕೆಲಸ ಅದು. ವಯಸ್ಸಾಯಿತು, ಸಾಕು ಮಾಡಿ ಎಂದು ಅಕ್ಕ ಆಗಲೇ ರಾಗ ತೆಗೆದಿದ್ದಳು. ಈ ಎಂಜಿನ್ ಚೆನ್ನಾಗಿ ಓಡಿದರೆ ಶೆಡ್ ನಡೆಸುತ್ತೇನೆ, ಇಲ್ಲದಿದ್ದರೆ ಬೀಗ ಹಾಕುತ್ತೇನೆ ಎಂದು ಭಾವ ನನ್ನೆದುರಿಗೇ ಅವಳಿಗೆ ಮಾತು ಕೊಟ್ಟಿದ್ದರು.

ತಿಂಗಳು ಕಳೆದಿರಬೇಕು. ಪೇಟೆಯಿಂದ ಬಂದು, ಎಂಜಿನ್ ಆರಿಸದೆ ಇಳಿದು ಗೇಟು ತೆರೆಯುತ್ತಿದ್ದೆ. ಎದುರುಮನೆಯ ಲಕ್ಷ್ಮೀದೇವಮ್ಮ ತೆಲುಗಿನಲ್ಲಿ ಹೇಳಿದರು: "ಸಾರ್, ಮೀ ಕಾರು ಕಾರ್ತಾಂದಿ."

ತೆಲುಗಿನಲ್ಲಿ ಕಾರುವುದೆಂದರೆ ಸೋರುವುದು. ಕನ್ನಡದಲ್ಲಿ ಕಾರುವುದೆಂದರೆ ವಾಂತಿ ಮಾಡುವುದು. ಎರಡು ಭಾಷೆಯನ್ನೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡು ಉಣ್ಣುವ ನನಗೆ ಈ ಮಾತು ಭಲೇ ಎನ್ನಿಸಿ, ಒಬ್ಬನೇ ನಕ್ಕೆ. ಬಾನೆಟ್ ಎತ್ತಿದ ಮೇಲೆ ನಗು ಇಳಿಯಿತು. ಕಾರ್ಬುರೇಟರ್ ಪೂರ್ತಿ ಒದ್ದೆಯಾಗಿ, ಕಾದ ಎಂಜಿನ್ ಮೇಲೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಒಂದು ಕಿಡಿ ಸಾಕಿತ್ತು, ಕಾರೂ ಇಲ್ಲ, ನಾನೂ ಇಲ್ಲ.

ಭಾವನಿಗೆ ಹೇಳಲು ಬಾಯಿ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ಕನ್ನು ಕರೆದೆ. ಅವನು ಬಿಚ್ಚಿದಾಗ ನಾನೂ ಕುತೂಹಲದಿಂದ ಕತ್ತು ತೂರಿಸಿದೆ. ಇಷ್ಟು ವರ್ಷ ಕಾರು ಓಡಿಸಿಯೂ ಅದರೊಳಗೇನಿದೆ ಎಂದು ನೋಡಿದವನಲ್ಲ ನಾನು. ಒಂದು ಪುಟ್ಟ ಬಟ್ಟಲು, ಅದರಲ್ಲೊಂದು ತೇಲುವ ಉಂಡೆ. ನಮ್ಮ ಮಾಳಿಗೆಯ ನೀರಿನ ಟ್ಯಾಂಕಿನಲ್ಲಿ ಇರುವಂಥದ್ದೇ! ಬಟ್ಟಲು ತುಂಬಿದರೆ ಉಂಡೆ ಮೇಲೆದ್ದು ಸೂಜಿಯಿಂದ ದಾರಿ ಮುಚ್ಚುತ್ತದೆ. ಮೆಕ್ಯಾನಿಕ್ಕು ಸೂಜಿ ಬದಲಿಸಿದ, ವಾಷರ್ ಬದಲಿಸಿದ, ಎಲ್ಲಿ ತೂತಿದೆಯೆಂದು ಎರಡು ದಿನ ಹುಡುಕಿದ. ಕೊನೆಗೆ, ಈ ಎಂಜಿನ್ ಕೂರಿಸಿದವನಿಗೆ ಕೆಲಸ ಬರುವುದಿಲ್ಲ ಎಂದುಬಿಟ್ಟ. ನಾನು ಹೌದೆಂದು ತಲೆಯಾಡಿಸಿದೆ. ಆ ಮಾತು ನನ್ನಾಕೆಯಿಂದ ಅಕ್ಕನಿಗೆ, ಅಕ್ಕನಿಂದ ಭಾವನಿಗೆ ಹೋಗಿಯೇ ಹೋಯಿತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಭಾವ ಬಂದಿಳಿದರು. ಕಾಫಿಯನ್ನೂ ಮುಟ್ಟಲಿಲ್ಲ. ಸ್ಪ್ಯಾನರ್ ಕೂಡ ತೆಗೆಯದೆ, ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸು ಎಂದರು. ತಿರುಗಿಸಿದೆ. ಹಿಂದಿನ ಡಿಕ್ಕಿಯಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಆಮೇಲೆ ಸ್ಟಾರ್ಟ್ ಮಾಡಿಸಿದರು. ಇತ್ತ ಕಾರ್ಬುರೇಟರಿನ ಬಾಯಿಂದ ಪೆಟ್ರೋಲು ಉಕ್ಕಿತು.

"ಇದು ಸೋರ್ತಿಲ್ಲ ಕಣಪ್ಪ, ಕಾರ್ಕೊಂತೈತೆ. ತೂತಿದ್ರೆ ಸೋರ್ತೈತೆ. ಜಾಸ್ತಿ ಕುಡಿಸಿದ್ರೆ ಕಾರ್ತೈತೆ" ಎಂದರು.

ಆಮೇಲೆ ಬಿಡಿಸಿ ಹೇಳಿದರು. ವ್ಯಾನಿನ ಎಂಜಿನ್‌ಗೆ ಪೆಟ್ರೋಲು ಎಳೆದುಕೊಳ್ಳಲು ಅದರದೇ ಪಂಪಿದೆ, ಎಂಜಿನ್ ತಿರುಗಿದರೆ ಅದು ಓಡುತ್ತದೆ. ಕಾರಿನ ಹಳೆಯ ಕರೆಂಟ್ ಪಂಪು ಡಿಕ್ಕಿಯಲ್ಲೇ ಉಳಿದಿದೆ. ದಾರಿಯಲ್ಲಿ ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಅದರ ವೈರನ್ನಷ್ಟೇ ಬಿಚ್ಚಿಟ್ಟಿದ್ದರಂತೆ. ಈಗ ಎರಡೂ ಸೇರಿ ಒಂದೇ ಬಟ್ಟಲಿಗೆ ಒತ್ತುತ್ತಿವೆ, ಪಾಪ, ಸೂಜಿ ಎಷ್ಟೆಂದು ತಡೆದೀತು? ಅವರು ಡಿಕ್ಕಿ ತೆರೆದು ಕರಿ ಟೇಪು ಸುತ್ತಿದ್ದ ವೈರನ್ನು ಬೆರಳಲ್ಲಿ ಹಿಡಿದರು. ಅದು ಸೇರಿಕೊಂಡಿತ್ತು. ಆ ಹಳೆಯ ಕಾರಿನ ವೈರಿಗೆಲ್ಲ ಅಂಥದ್ದೇ ಟೇಪು, ಯಾವುದು ಹೊಸದೆಂದು ಹೇಳುವಂತಿರಲಿಲ್ಲ.

"ಬಿಚ್ಚಿದ್ದೀನಿ ಅಂತ್ಲೇ ನನ್ ತಲೇಲಿತ್ತು. ಬಿಚ್ಚೇ ಇಲ್ಲ, ಮರ್ತ್‌ಬುಟ್ಟಿದ್ದೀನಿ."

ಅವರು ಮರೆತಿರಲಿಲ್ಲ. ಅದನ್ನು ಸೇರಿಸಿದವನು ನಾನು. ಒಂದು ದಿನ ಡಿಕ್ಕಿಯಲ್ಲಿ ಸೀರೆಗಂಟು ಇಡುವಾಗ ಎರಡು ವೈರಿನ ತುದಿ ನೇತಾಡುತ್ತಿದ್ದವು. ನಾವು ಮಗ್ಗದವರು ನೋಡಿ, ಕಡಿದ ಎಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಏನು, ಯಾಕೆ ಎಂದು ಕೇಳದೆ ಗಂಟು ಹಾಕುವುದೇ ನಮ್ಮ ವಿದ್ಯೆ. ಹಾಕಿ, ಟೇಪು ಸುತ್ತಿ, ಭಾವ ಮರೆತದ್ದನ್ನು ಸರಿಮಾಡಿದೆನೆಂದು ಬೀಗಿಯೂ ಇದ್ದೆ. ಕಾರು ಒಪ್ಪಿಸುವ ದಿನ ಅವರು ಈ ವೈರಿನ ಸಂಗತಿ ಹೇಳಿಯೇ ಇದ್ದರು. ಎಂಜಿನ್ನಿನ ಸದ್ದಿಗೆ ಮರುಳಾಗಿದ್ದ ನನ್ನ ಕಿವಿಗೆ ಬಿದ್ದರೂ ಅದು ತಲೆಗೆ ಹತ್ತಿರಲಿಲ್ಲ.

ಆ ಕ್ಷಣದಲ್ಲೇ ಹೇಳಬೇಕಿತ್ತು. ಬಿಟ್ಟುಹೋಗಿದ್ದ ಸಾಮಾನು ಒಯ್ಯಲು ಬಂದ ಮೆಕ್ಯಾನಿಕ್ಕು ಪಕ್ಕದಲ್ಲಿ ನಿಂತಿದ್ದ, ನನ್ನಾಕೆ ನಿಂತಿದ್ದಳು. ನಾಚಿಕೆಯಿಂದ ನಾಲಿಗೆ ಏಳಲಿಲ್ಲ. ಭಾವ ವೈರು ಬಿಚ್ಚಿ, ಮೆಕ್ಯಾನಿಕ್ಕಿಗೆ ತಪ್ಪು ನಂದೇ ಎಂದು ಹೇಳಿ, ಮಧ್ಯಾಹ್ನದ ಬಸ್ಸು ಹತ್ತಿದರು. ಕಾರು ಆಮೇಲೆ ಒಂದು ಹನಿಯೂ ಕಾರಲಿಲ್ಲ. ಉಂಡದ್ದು ಅರಗದೆ ಒದ್ದಾಡಿದವನು ನಾನು.

ನಾಲ್ಕನೆಯ ದಿನ ಅಕ್ಕ ಫೋನ್ ಮಾಡಿದಳು. ಭಾವ ಶೆಡ್ಡಿಗೆ ಬೀಗ ಹಾಕಿದ್ದರು. ಸಾಕು ಮಾಡಿ ಎನ್ನುತ್ತಿದ್ದವಳು ಅವಳೇ. ಈಗ ಅವಳ ದನಿಯಲ್ಲೇ ಅಳುವಿತ್ತು. "ಬಾಗ್ಲು ಹಾಕುದ್ರೂ ಎರಡೆರಡ್ ಸಲ ಹೋಗಿ ನೋಡ್ತಾರೆ ಕಣೋ. ಏನ್ ಕೇಳುದ್ರೂ, ನನ್ ಜ್ಞಾಪಕ ನಂಬ್‌ಬ್ಯಾಡ ಅಂತಾರೆ."

ಅಂದೇ ಕಾರು ಹತ್ತಿದೆ. ದಾರಿಯ ಕಂಬದೂರಿನಲ್ಲಿ ಟೀ ಕುಡಿಯುವ ನೆಪ ಮಾಡಿ ನಿಂತು, ಹೇಳಬೇಕಾದ್ದನ್ನು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಒಪ್ಪ ಮಾಡಿಕೊಂಡೆ. ಕಲ್ಯಾಣದುರ್ಗದಲ್ಲಿ ಭಾವ ಜಗುಲಿಯ ಮೇಲೆ ಕೂತಿದ್ದರು. ಒಪ್ಪ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. "ಆ ವೈರು ಸೇರ್ಸಿದ್ದು ನಾನು ಬಾವ. ನೀವು ಬಿಚ್ಚಿದ್ರಿ. ನೀವೇನೂ ಮರ್ತಿಲ್ಲ" ಎಂದೆ.

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಹೆಗಲ ಟವೆಲಿನಿಂದ ಮುಖವನ್ನೂ ಕಣ್ಣನ್ನೂ ಒರೆಸಿಕೊಂಡರು.

"ನೀನು ಬೀದಿಗೆ ತಿರುಗ್ದಾಗ್ಲೇ ಎಂಜಿನ್ನಲ್ಲಿ ಟ್ಯಾಪೆಟ್ ಸಡ್ಲಾಗಿ ಟಕಟಕ ಅನ್ನೋದು ಕೇಳಿಸ್ತು ಕಣಪ್ಪ. ನನ್ ಕಿವೀನೂ ಕೆಟ್ಟೈತೇನೋ ಅಂತ ಸುಮ್ಕಾದೆ. ಎತ್ತು ಬಾನೆಟ್ಟು."

ಅಕ್ಕ ಒಳಗೆ ಹೋಗಿ ಶೆಡ್ಡಿನ ಬೀಗದ ಕೈ ತಂದಳು. ಈಗಲೂ ಕಾರು ತೆಗೆದುಕೊಂಡು ಹೋದರೆ ಭಾವ ಬಾನೆಟ್ಟಿನ ಹತ್ತಿರ ಬರುವುದಿಲ್ಲ. ಮೊದಲು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಏನೇನು ಮುಟ್ಟಿದ್ದೀಯ ಹೇಳು ಎನ್ನುತ್ತಾರೆ. ನಾನು ಒಂದನ್ನೂ ಬಿಡದೆ ಹೇಳುತ್ತೇನೆ.