ಕಂಬ ಮುಟ್ಟಿ ಬರ್ರಿ

ಅಟ್ಟದಿಂದ ಸೂಟ್‌ಕೇಸು ಇಳಿಸಿ ಬಾಯಿ ತೆರೆದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ ಮುಚ್ಚಳದ ಒಳಜೇಬಿನಿಂದ ಮುಗ್ಗಲು ಹಿಡಿದ ಕಾಗದದ ವಾಸನೆ. ದಾಂಡೇಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಕಾಗದದ ವಾಸನೆ ಹೊಸದಲ್ಲ. ಗಾಳಿ ಈ ಕಡೆ ತಿರುಗಿದ ದಿನ ಪೇಪರ್ ಮಿಲ್ಲಿನ ವಾಸನೆ ನಮ್ಮ ಊಟದ ತಾಟಿನವರೆಗೂ ಬರುತ್ತದೆ. ಆದರೂ ಇದನ್ನು ಮೂಸಿದಾಗ ಚಾಚಿದ ಕೈ ತಾನಾಗಿ ಹಿಂದೆ ಸರಿಯಿತು. ಹದಿನಾರು ಪುಟಗಳ ಝೆರಾಕ್ಸ್, ಮೂಲೆಗೆ ತುಕ್ಕು ಹಿಡಿದ ಪಿನ್ನು, ಗುಂಡಗಿನ ಕನ್ನಡ ಅಕ್ಷರ, ನಡುನಡುವೆ ಅರಬ್ಬಿ... ಬರೆದವರು ನಮ್ಮ ಪಕ್ಕದ ಮನೆಯ ಅಕ್ಕೋರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೆ ನಮ್ಮ ಓಣಿಯಲ್ಲಿ ಬರೀ ಅಕ್ಕೋರು ಎಂದರೆ ಇವರೊಬ್ಬರೇ. ತಂದೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು, ತಮ್ಮನದು ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು. ಇವರು ಹೈಸ್ಕೂಲಿನಲ್ಲಿ ಇತಿಹಾಸ, ಭೂಗೋಳ ಕಲಿಸಿದರು. ನಾನು ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ಮುದುಕಿಯಾದವಳು, ಎಲ್ಲರಿಗೂ ಬಾಯಾರು. ನಮ್ಮಿಬ್ಬರ ಮನೆಗಳ ನಡುವೆ ಒಂದು ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಸದಾ ಯಾರದಾದರೂ ಒಂದು ಡಬ್ಬಿ.

ನನ್ನ ಮಗಳು ಅವರ ವಿದ್ಯಾರ್ಥಿನಿ. ಅಕ್ಕೋರು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಹೋಮ್‌ವರ್ಕ್ ಮಾಡಿದ್ದೇವೆ ಎಂದವರಿಗೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳುತ್ತಿದ್ದರು. ಒಮ್ಮೆ ಮಗಳು ಗೆಳತಿಯ ನಕಾಶೆಯನ್ನು ನೋಡಿ ಬರೆದುಕೊಂಡು ಹೋಗಿದ್ದಳು. "ಚಲೋ ಬರದಿ. ಸೂಪಾ ಬಿಟ್ಟ ಮ್ಯಾಲ ಕಾಳಿ ನದಿ ಯಾವ ಕಡೆ ತಿರುಗತೈತಿ?" ಎಂದರಂತೆ. ಇವಳು ಬಾಯಿಗೆ ಬಂದ ದಿಕ್ಕು ಹೇಳಿದಳು. ಅಕ್ಕೋರು ತಪ್ಪು ಎನ್ನಲಿಲ್ಲ, ಕೆಂಪು ಗೆರೆ ಹಾಕಲಿಲ್ಲ. ಪುಸ್ತಕ ಮುಚ್ಚಿ ಕೈಗೆ ಕೊಟ್ಟರು, ಅಷ್ಟೇ. ಮಗಳು ಮನೆಗೆ ಬಂದು ಗೊಳೋ ಎಂದು ಅತ್ತಿದ್ದಳು. "ಬೈಸ್ಕೊಂಡಿದ್ರ ಬೇಶಿತ್ತವ್ವಾ, ಅವರು ಪುಸ್ತಕ ಮುಚ್ಚಿದ್ರ ತಡ್ಕೊಳ್ಳಾಕ ಆಗೂದಿಲ್ಲ" ಎಂದಿದ್ದಳು. ನಾನು ನಕ್ಕಿದ್ದೆ. ಆಗ ನಗಬಹುದಿತ್ತು.

ನಿವೃತ್ತಿಯಾದ ಮೇಲೆ ನಾವೆಲ್ಲ ಒಂದು ಪ್ರವಾಸದ ಗುಂಪು ಮಾಡಿಕೊಂಡೆವು. ದಾಂಡೇಲಿ, ಹಳಿಯಾಳ, ಮುಂಡಗೋಡದ ಹದಿನೈದು ಮಂದಿ, ಪಿಂಚಣಿಯವರು, ಅಂಗಡಿ ಮಕ್ಕಳ ಕೈಗಿಟ್ಟವರು, ಹಳಿಯಾಳದ ಒಬ್ಬ ಕಬ್ಬಿನ ರೈತರು. ಮುಖಂಡರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಮಾತಿಗೆ ಬೆಣ್ಣೆ ಹಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮೊದಲ ಪ್ರವಾಸ ಉಳವಿಗೆ, ಒಂದು ಟೆಂಪೋದಲ್ಲಿ. ಆಮೇಲೆ ಹಂಪಿ, ಕೇರಳ, ಶ್ರೀಲಂಕಾ. ಹೋದಲ್ಲೆಲ್ಲ ಒಂದು ಕೋಣೆಗೆ ಇಬ್ಬರು. ನನ್ನ ಕೋಣೆಗೆ ಯಾವಾಗಲೂ ಅಕ್ಕೋರು. ಅವರು ಕಿಟಕಿಯ ಬದಿ ಬೆಳಗಿನ ನಮಾಜು ಮುಗಿಸುವ ಹೊತ್ತಿಗೆ ನಾನು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿರುತ್ತಿದ್ದೆ. "ನಿಮ್ಮ ಗೊರಕಿ ಇದ್ರ ನನಗ ಅಲಾರಂ ಯಾಕ ಬೇಕ್ರಿ ಬಾಯಾರ" ಎಂದು ಕಾಡಿಸುವರು. ಒಡಹುಟ್ಟಿದವರ ಜೊತೆಗೂ ನಾನು ಅಷ್ಟು ಹಗುರಾಗಿ ಇದ್ದದ್ದು ಕಡಿಮೆ.

ನಾಲ್ಕು ವರ್ಷಗಳ ಹಿಂದೆ ಯುರೋಪಿಗೆ ಹೋಗೋಣ ಎಂದು ಮಾತು ಬಂತು. ಹಳಿಯಾಳದಲ್ಲಿ ಒಬ್ಬರ ಮನೆಯ ಮೇಲುಮಹಡಿಯಲ್ಲಿ ಕೂತು ಚರ್ಚೆ. ಎಲ್ಲರಿಗೂ ಹಿಮದಲ್ಲಿ ಫೋಟೋ ತೆಗೆಸಿಕೊಳ್ಳುವ ಹಂಬಲ. ಅಕ್ಕೋರು ಮಾತ್ರ ಸಿಸಿಲಿ ಎಂದರು. ಇಟಲಿಯ ಕೆಳಗೆ, ನಡುಸಮುದ್ರದ ದ್ವೀಪ. ಒಂದು ಕಾಲಕ್ಕೆ ಅಲ್ಲಿ ಅರಬರ ಆಳ್ವಿಕೆ. ಆಮೇಲೆ ಬಂದ ಕ್ರೈಸ್ತ ದೊರೆ ತನ್ನ ಪ್ರಾರ್ಥನಾ ಮಂದಿರದ ಛಾವಣಿಯನ್ನು ಮುಸಲ್ಮಾನ ಬಡಗಿಗಳಿಂದಲೇ ಮಾಡಿಸಿದ, ಅವರ ಲಿಪಿಯನ್ನೂ ಅದರ ಮೇಲೆ ಬರೆಸಿದ... ಅಕ್ಕೋರು ಅರ್ಧ ತಾಸು ಮಾತಾಡಿದರು. ನಿಂಬೆಹಣ್ಣು, ಕಬ್ಬು, ನೆಲದೊಳಗಿನ ಕಾಲುವೆ ಎಲ್ಲ ಅವರ ಬಾಯಲ್ಲಿ ಕಣ್ಣಿಗೆ ಕಟ್ಟಿದವು. ಕಬ್ಬಿನ ರೈತರು, "ನಮ್ಮ ಬೆಳಿ ಅಲ್ಲೂ ಇತ್ತಂದ್ರ ನೋಡಾಕ ಬೇಕಲ್ರಿ" ಎಂದು ಮೊದಲು ಕೈ ಎತ್ತಿದರು. ಹಿಮ ಅಲ್ಲಿಗೇ ಕರಗಿತು. ಎರಡು ತಿಂಗಳು ಕೂತು ಅಕ್ಕೋರು ಗುಂಪಿಗಾಗಿ ಒಂದು ನೋಟ್‌ಬುಕ್ ಬರೆದರು. ಎಲ್ಲಿ ಏನು ನೋಡಬೇಕು, ಯಾಕೆ ನೋಡಬೇಕು, ಅರಬ್ಬಿ ಅಕ್ಷರ ಕಂಡರೆ ಗುರುತಿಸುವುದು ಹೇಗೆ. ಆ ಎರಡು ತಿಂಗಳು ಅವರ ಮುಖದಲ್ಲಿದ್ದ ಕಳೆಯನ್ನು ನಾನು ಅವರ ನಿವೃತ್ತಿಯ ಸಮಾರಂಭದಲ್ಲೂ ಕಂಡಿರಲಿಲ್ಲ.

ವೀಸಾದ ಕಾಗದ ಕೂಡಿಸುವ ಹೊತ್ತಿಗೆ ಒಂದು ಸಂಜೆ ಮ್ಯಾನೇಜರು ಫೋನ್ ಮಾಡಿದರು. ನಾನು ಅಕ್ಕಿ ಆರಿಸುತ್ತಿದ್ದೆ.

"ಬಾಯಾರ, ತಪ್ಪು ತಿಳ್ಕೋಬ್ಯಾಡ್ರಿ. ಅಕ್ಕೋರ ಹೆಸರು ನೋಡಿ ಅಲ್ಲೆ ಹೆಚ್ಚಿಗಿ ಪ್ರಶ್ನೆ ಕೇಳಬಹುದು ಅಂತ ಏಜಂಟ ಅಂದಾನ. ಅವರು ಮಕ್ಕಾಕ್ಕ ಉಮ್ರಾ ಮಾಡಾಕ ಹೋಗಿ ಬಂದ ಸಿಕ್ಕಾ ಬ್ಯಾರೆ ಐತಿ ಪಾಸ್‌ಪೋರ್ಟಿನ್ಯಾಗ. ಒಬ್ಬರ ಸಲವಾಗಿ ಎಲ್ಲಾರ ವೀಸಾ ಅಡ್ಡ ಬಿದ್ರ ಹೆಂಗ? ಮುಂದಿನ ಸಲ ಅವರನ್ನ ಮೊದಲ ಕರಕೊಂಡು ಹೋಗೂಣು. ನೀವು ಅವರ ರೂಮಿನವ್ರು, ಅದಕ್ಕ ಮೊದಲ ನಿಮ್ಮನ್ನ ಕೇಳಾಕತ್ತೇನಿ. ಬ್ಯಾರೆ ಒಬ್ಬರು ಬಂದ್ರ ನಡೀತೈತೇನು?"

ಇಸ್ಲಾಮಿನ ಕುರುಹುಗಳನ್ನು ನೋಡಲು ಹೊರಟ ಗುಂಪಿನಿಂದ ಇದ್ದ ಒಬ್ಬರೇ ಮುಸಲ್ಮಾನರನ್ನು ಬಿಡುವ ಮಾತು ಅದು. ಅವರು ಬರದಿದ್ದರೆ ನಾನೂ ಬರುವುದಿಲ್ಲ ಎನ್ನಬೇಕಿತ್ತು. ಹಾಗೆಂದಿದ್ದರೆ ಮ್ಯಾನೇಜರು ಹೆದರುತ್ತಿದ್ದರು. ಇಬ್ಬರು ಬಿಟ್ಟರೆ ಗುಂಪು ಒಡೆಯುತ್ತದೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ನಾನಾಗಲೇ ಬೆಳಗಾವಿಗೆ ಹೋಗಿ ಸ್ವೆಟರ್ ತಂದಿದ್ದೆ, ಬೀಗರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

"ನಡೀತೈತ್ರಿ" ಎಂದೆ.

ಒಂದೇ ಮಾತು. ಮೊರದಲ್ಲಿ ಅಕ್ಕಿ ಆರಿಸುತ್ತಲೇ ಹೇಳಿದೆ. ಆಮೇಲೆ ಮ್ಯಾನೇಜರು ಅಕ್ಕೋರಿಗೆ ಫೋನ್ ಮಾಡಿ, "ಬಾಯಾರೂ ಒಪ್ಯಾರ್ರಿ" ಎಂದರಂತೆ. ಅದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಅವರ ತಮ್ಮನ ಹೆಂಡತಿಯಿಂದ.

ಮರುದಿನ ಅಕ್ಕೋರೇ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಆ ನೋಟ್‌ಬುಕ್. ಅತ್ತ ಗುರುತಿರಲಿಲ್ಲ, ಸಿಟ್ಟಿನ ಗುರುತೂ ಇರಲಿಲ್ಲ. ನಾನೇ ಅವರ ಮುಖ ನೋಡಲಾರದೆ ಚಾಪೆ ಹಾಸಿದೆ, ನೀರು ತಂದೆ, ಸುಮ್ಮನೆ ಒಳಗೆ ಹೊರಗೆ ಓಡಾಡಿದೆ.

"ಬರದದ್ದು ಬರದಾಗೇತಿ. ಯಾರರ ಓದ್ರಿ" ಎಂದು ಪುಸ್ತಕ ಕೊಟ್ಟರು. ಆಮೇಲೆ, "ನನ್ನದೊಂದು ಕೆಲಸ ಐತಿ ಬಾಯಾರ. ಪಲೆರ್ಮೋ ಊರಾಗ ಒಂದು ದೊಡ್ಡ ಚರ್ಚ್ ಐತಿ. ಮೊದಲ ಅಲ್ಲೆ ಮಸೀದಿ ಇತ್ತು. ಬಾಗಿಲ ಮುಂದಿನ ಮಂಟಪದಾಗ ಒಂದು ಕಂಬದ ಮ್ಯಾಲ ಕುರಾನಿನ ಸಾಲು ಕೆತ್ತ್ಯಾರ. ಚರ್ಚ್ ಕಟ್ಟಿದವ್ರು ಅದನ್ನ ಅಳಸಲಿಲ್ಲ, ಹಂಗ ನಿಲ್ಲಿಸ್ಯಾರ. ನನ್ನ ಪರವಾಗಿ ಆ ಕಂಬ ಮುಟ್ಟಿ ಬರ್ರಿ" ಎಂದರು.

ಫೋಟೋ ತರುತ್ತೇನೆ ಎಂದೆ.

"ಫೋಟೋ ಬ್ಯಾಡ್ರಿ. ಫೋಟೋ ನಾ ಪುಸ್ತಕದಾಗ ನೋಡೇನಿ. ಕೈ ಹಚ್ರಿ ಸಾಕು. ಎಲ್ಲೆ ಐತಿ ಅಂತ ಒಳಗ ಬರದೇನಿ."

ನೋಟ್‌ಬುಕ್ಕನ್ನು ಮ್ಯಾನೇಜರು ತರಿಸಿಕೊಂಡು ಹದಿನಾಲ್ಕು ಪ್ರತಿ ಝೆರಾಕ್ಸ್ ಮಾಡಿಸಿದರು. ಅಕ್ಕೋರ ಹೆಸರಿದ್ದ ಮೊದಲ ಪುಟ ಬಿಟ್ಟು, ಅದರ ಜಾಗಕ್ಕೆ ನಮ್ಮ ಗುಂಪಿನ ಹೆಸರು ಟೈಪು ಮಾಡಿಸಿ ಹಚ್ಚಿದರು. ಎಲ್ಲರೂ ತಮ್ಮ ತಮ್ಮ ಪ್ರತಿ ತೆಗೆದುಕೊಂಡರು. ನನ್ನ ಪ್ರತಿಯನ್ನು ನಾನೂ ಮಡಚಿ ಸೂಟ್‌ಕೇಸಿನ ಜೇಬಿಗೆ ಹಾಕಿದೆ. ಮೂಲ ನೋಟ್‌ಬುಕ್ ನನ್ನ ಕೈಗೆ ವಾಪಸು ಬಂದು ನಮ್ಮ ಮನೆಯ ಕಪಾಟಿನಲ್ಲೇ ಉಳಿಯಿತು.

ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದೆವು. ಅಲ್ಲಿ ಒಬ್ಬೊಬ್ಬರನ್ನೇ ಕರೆದರು. ಒಬ್ಬೊಬ್ಬರದೂ ಬೇರೆ ಕವರು, ಬೇರೆ ನಂಬರು. ಒಬ್ಬರದು ನಿಂತರೆ ಇನ್ನೊಬ್ಬರದು ನಿಲ್ಲುತ್ತದೆಯೇ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. "ಇಲ್ಲ ಅಮ್ಮಾ, ಅವರವರದು ಅವರವರಿಗೆ" ಎಂದಳು. ಇಡೀ ಜೀವಮಾನ ಕೌಂಟರಿನ ಹಿಂದೆ ಕೂತವಳು ನಾನು. ಈ ಒಂದು ಪ್ರಶ್ನೆ ಮೊದಲೇ ಕೇಳಬೇಕೆಂದು ಹೊಳೆಯಲಿಲ್ಲವೇ, ಅಥವಾ ಹೊಳೆಯುವುದು ಬೇಡವಾಗಿತ್ತೇ... ಮ್ಯಾನೇಜರ ಕಡೆ ನೋಡಿದೆ. ಅವರು ತಮ್ಮ ಕವರು ತಿರುವಿ ಹಾಕುತ್ತಿದ್ದರು. ನಾನೂ ನನ್ನ ಕವರು ತೆರೆದು ಕಾಗದ ಎಣಿಸಿದೆ. ವಾಪಸು ಬರುವಾಗ ಹಾವೇರಿಯ ಹತ್ತಿರ ಬಸ್ಸು ನಿಲ್ಲಿಸಿ ಎಲ್ಲರೂ ಮಿರ್ಚಿ ತಿಂದೆವು. ನಾನೂ ಎರಡು ತಿಂದೆ.

ಸಿಸಿಲಿ ಚೆಂದವಿತ್ತು. ಸುಳ್ಳೇಕೆ ಹೇಳಲಿ, ಬಹಳ ಚೆಂದವಿತ್ತು. ಬಸ್ಸಿನ ಮೈಕು ಹಿಡಿದು ಮ್ಯಾನೇಜರು ಅಕ್ಕೋರ ಪುಟಗಳನ್ನು ತಮ್ಮದೇ ಪಾಂಡಿತ್ಯ ಎಂಬಂತೆ ಓದಿದರು. ಕಬ್ಬಿನ ರೈತರು ಚಪ್ಪಾಳೆ ತಟ್ಟಿದರು. ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಕತ್ತೆತ್ತಿ ಛಾವಣಿ ನೋಡಿದೆವು. ದಾಂಡೇಲಿಯ ಟಿಂಬರ್ ಡಿಪೋ ನೋಡುತ್ತ ಬೆಳೆದ ನನಗೆ ಕಟ್ಟಿಗೆ ಹೀಗೂ ಆಗಬಲ್ಲುದು ಎಂದು ಗೊತ್ತಿರಲಿಲ್ಲ. ಜೇನುಗೂಡಿನ ಹಾಗೆ ಮನೆಮನೆ ಕೊರೆದು, ಬಣ್ಣ ಹಚ್ಚಿ, ಅಂಚಿಗೆಲ್ಲ ಅರಬ್ಬಿ ಬರೆದಿದ್ದರು. ನಮ್ಮ ಗೈಡು ಅಲ್ಲಿಯದೇ ಹುಡುಗಿ. ನಿಧಾನವಾದ ಇಂಗ್ಲಿಷಿನಲ್ಲಿ, ನಿಮ್ಮಲ್ಲಿ ಇದನ್ನು ಓದಬಲ್ಲವರು ಯಾರಾದರೂ ಇದ್ದೀರಾ ಎಂದು ನಗುತ್ತ ಕೇಳಿದಳು. ಹದಿನಾಲ್ಕು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲೊಬ್ಬರಿಗೆ ಬರುತ್ತಿತ್ತು, ಪಾಪ, ಆರೋಗ್ಯ ಸರಿ ಇಲ್ಲದೆ ಬರಲಾಗಲಿಲ್ಲ ಎಂದರು ಮ್ಯಾನೇಜರು. ಹುಡುಗಿ ಮರುಕದಿಂದ ತಲೆ ಆಡಿಸಿದಳು. ನಾನು ಛಾವಣಿ ನೋಡುತ್ತಲೇ ನಿಂತೆ, ಕತ್ತು ಇಳಿಸಿದರೆ ಯಾರ ಕಣ್ಣಿಗಾದರೂ ಬೀಳಬೇಕಾಗುತ್ತಿತ್ತು.

ಮರುದಿನ ದೊಡ್ಡ ಚರ್ಚು. ಅರ್ಧ ತಾಸು ಸಮಯ ಕೊಟ್ಟರು. ಬಿಸಿಲು ಸುಡುತ್ತಿತ್ತು. ನನ್ನ ಹೊಸ ಕೋಣೆಯ ಜೊತೆಗಾತಿ ಮುಂಡಗೋಡದ ಅಂಗಡಿಯವರ ಹೆಂಡತಿ. ಎದುರಿನ ಬೀದಿಯಲ್ಲಿ ನಿಂಬೆಯ ಐಸು ಮಾರುತ್ತಾರೆ ಎಂದು ಕೈ ಹಿಡಿದು ಎಳೆದರು. ಐಸು ತಿಂದೆವು. ಪಕ್ಕದ ಅಂಗಡಿಯಲ್ಲಿ ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳಿದ್ದವು, ಮೊಮ್ಮಕ್ಕಳಿಗೆಂದು ಆರಿಸಿದೆವು. ಬಸ್ಸು ಹೊರಟು ಚರ್ಚಿನ ಗೋಪುರ ಹಿಂದೆ ಸರಿಯುವಾಗ ಕಂಬ ನೆನಪಾಯಿತು. ಡ್ರೈವರಿಗೆ ನಿಲ್ಲಿಸು ಎನ್ನಬಹುದಿತ್ತು. ಎಲ್ಲರೂ ಏನಂದಾರು ಎಂದು ಕೂತಲ್ಲೇ ಕೂತೆ.

ಊರಿಗೆ ಬಂದ ಎರಡನೆಯ ದಿನ ನೋಟ್‌ಬುಕ್ ಮತ್ತು ಒಂದು ಚಾಕಲೇಟಿನ ಡಬ್ಬಿ ಹಿಡಿದು ಅಕ್ಕೋರ ಮನೆಗೆ ಹೋದೆ. ಅವರು ಡಬ್ಬಿ ಬದಿಗಿಟ್ಟು ನೋಟ್‌ಬುಕ್ ತೊಡೆಯ ಮೇಲೆ ಬಿಚ್ಚಿದರು. ನಾಲ್ಕೈದು ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟುಕೊಂಡರು.

"ಕಂಬ ಮುಟ್ಟಿದ್ರೇನು?"

"ಮುಟ್ಟಿದ್ನ್ರಿ ಅಕ್ಕೋರ. ಎರಡೂ ಕೈ ಹಚ್ಚಿದ್ನಿ."

ಅವರ ಕಣ್ಣು ತುಂಬಿದವು. ಅಯ್ಯೋ, ನಿಜವಾಗಿ ತುಂಬಿದವು. ನನ್ನ ಅಂಗೈಗಳನ್ನು ಹಿಡಿದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡರು. ಆ ಅಂಗೈಗಳು ಮುಟ್ಟಿದ್ದು ನಿಂಬೆಯ ಐಸಿನ ಕಪ್ಪನ್ನು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ತುಸು ನಾಚಿಕೊಂಡು, ಮತ್ತಷ್ಟು ಕೇಳುವ ಆಸೆಯಿಂದಲೇ ಇರಬೇಕು, ಕೇಳಿದರು: "ಹೊರಗ ನಿಂತು ಬಾಗಲಾ ನೋಡಿದ್ರ ಅದು ಯಾವ ಕಡೆ ಬರತೈತ್ರಿ?"

"ಬಲಕ್ಕ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಹೌದಾ..." ಎಂದರು. ನೋಟ್‌ಬುಕ್ ಮುಚ್ಚಿದರು. ಎದ್ದು ಒಳಗೆ ಹೋಗಿ ಚಹಾ ತಂದರು, ಎಂದಿನಂತೆ ನನ್ನದಕ್ಕೆ ಸಕ್ಕರೆ ಕಡಿಮೆ. ಮಳೆಯ ಮಾತು, ತಮ್ಮನ ಗ್ಯಾರೇಜಿನ ಮಾತು ಆಡಿದರು. ಸಿಸಿಲಿಯ ಬಗ್ಗೆ ಅಂದು ಮತ್ತೆ ಏನೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಅವರಿಗೆ ಸಮಾಧಾನವಾಯಿತು ಎಂದುಕೊಂಡು ನಾನು ಹಗುರಾಗಿ ಮನೆಗೆ ಬಂದೆ. ಗೋಡೆಯ ಮೇಲೆ ಡಬ್ಬಿ ಇಡುವುದನ್ನು ಅವರು ಬಿಡಲಿಲ್ಲ. ರಂಜಾನಿಗೆ ಅವರ ಶಾವಿಗೆಯ ಸುರಕುಂಬಾ, ಸಂಕ್ರಾಂತಿಗೆ ನನ್ನ ಎಳ್ಳುಬೆಲ್ಲ. ಮರುವರ್ಷ ಮಳೆಗಾಲದಲ್ಲಿ ಎದೆನೋವು ಬಂತು. ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ, ಹಳಿಯಾಳ ದಾಟುವ ಮೊದಲೇ... ಹೋದರು. ಮುಂದಿನ ಸಲ ಎಂಬುದು ಬರಲೇ ಇಲ್ಲ.

ಇವತ್ತು ಬೆಳಿಗ್ಗೆ ಮ್ಯಾನೇಜರು ಫೋನ್ ಮಾಡಿದ್ದರು. ಈ ಸಲ ತುರ್ಕಿಯಂತೆ, ನನ್ನ ಹೆಸರು ಆಗಲೇ ಬರೆದುಕೊಂಡಿದ್ದಾರಂತೆ. ಅಲ್ಲಿಯ ಮಸೀದಿಗಳು ಬಹಳ ಚೆಂದವಂತೆ. ಅಕ್ಕೋರು ಇರಬೇಕಿತ್ತು ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಹೌದ್ರಿ, ಪಾಪ. ಸಿಸಿಲಿಗೆ ಹೋಗೂ ಮುಂದನೂ ಆರೋಗ್ಯ ಸರಿ ಇರಲಿಲ್ಲ ಅವರ್ದು" ಎಂದರು.

ಆಡುತ್ತ ಆಡುತ್ತ ಅವರಿಗೆ ಅದು ನಿಜವೇ ಆಗಿಬಿಟ್ಟಿದೆ. ನಾನು ಹೂಂ ಎಂದೆ. ಫೋನಿಟ್ಟು ಸೂಟ್‌ಕೇಸು ಇಳಿಸಿದೆ.

ಈಗ ಮೊದಲ ಬಾರಿಗೆ ಆ ಹದಿನಾರೂ ಪುಟ ಓದಿದೆ. ಒಂಬತ್ತನೆಯ ಪುಟದಲ್ಲಿ ಮಂಟಪದ ಒಂದು ಸಣ್ಣ ಚಿತ್ರ, ಒಂದು ಕಂಬಕ್ಕೆ ಬಾಣದ ಗುರುತು. ಕೆಳಗೆ ಎರಡು ಸಲ ಗೆರೆ ಎಳೆದು ಬರೆದಿದ್ದಾರೆ: "ಬಾಗಿಲಿಗೆ ಮುಖ ಮಾಡಿ ನಿಂತರೆ ಎಡಗಡೆಯ ಮೊದಲ ಕಂಬ. ಬಲಗಡೆ ಹುಡುಕಬೇಡಿ, ಅಲ್ಲಿ ಏನೂ ಇಲ್ಲ."

ಅಂದು ಅವರು ಬೆರಳಿಟ್ಟುಕೊಂಡು ಕೂತದ್ದು ಇದೇ ಪುಟದಲ್ಲಿ. ನನ್ನ ಉತ್ತರ ಕೇಳಿದ ಮೇಲೂ ವರ್ಷಪೂರ್ತಿ ಆ ಗೋಡೆಯ ಮೇಲೆ ನನಗಾಗಿ ಡಬ್ಬಿ ಇಟ್ಟರು. ಗೋಡೆಯಾಚೆ ಈಗ ಅವರ ತಮ್ಮನ ಸೊಸೆ ಬಟ್ಟೆ ಒಣಹಾಕುತ್ತಿದ್ದಾಳೆ. ಕರೆದು ಹೇಳಲೇ ಎನಿಸಿತು. ಏನೆಂದು ಹೇಳುವುದು? ಕೇಳಬೇಕಾದವರು ಪುಸ್ತಕ ಮುಚ್ಚಿ ಹೋಗಿಯಾಯಿತು.

ಮ್ಯಾನೇಜರಿಗೆ ಫೋನ್ ಮಾಡಿ ತುರ್ಕಿಯ ಪಟ್ಟಿಯಿಂದ ನನ್ನ ಹೆಸರು ತೆಗೆಯಲು ಹೇಳಿದೆ. ಯಾಕ್ರಿ ಬಾಯಾರ, ಏನಾತು ಎಂದರು. ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು.

"ಆರೋಗ್ಯ ಸರಿ ಇಲ್ರಿ" ಎಂದೆ.